ವಿಭೂತಿ ಹಚ್ಚಿಕೊಂಡ ಸೀಡಿ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಡೈರಿ ಬರೆಯುವುದಕ್ಕೆ ಅದೇ ಕಾರಣ. ನೆನಪು ಎನ್ನುವುದು ನಮ್ಮ ಪರ ಸಾಕ್ಷಿ ಹೇಳಲು ಬಂದ ನೆಂಟನ ಹಾಗೆ. ನಡೆದದ್ದನ್ನು ಬಿಟ್ಟು ನಮಗೆ ಬೇಕಾದದ್ದನ್ನೇ ಹೇಳುತ್ತದೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಕನ್ನಡ ಬರೆಯುವ ತಂತ್ರಾಂಶದ ಸೀಡಿ ತಂದು, ಡೈರಿಯನ್ನು ಅದರಲ್ಲೇ ಬರೆಯತೊಡಗಿದೆ. ಆರು ವರ್ಷದ ನನ್ನ ಬದುಕು ಆಲ್ಕೊಳದ ಮನೆಯಲ್ಲಿ, ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬದೊಳಗೆ ಭದ್ರವಾಗಿತ್ತು.

ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜನದು ಬೇರೆ ಪಂಥ. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ಅವನೂ ಡೈರಿ ಬರೆಯುತ್ತಿದ್ದ. ಆದರೆ ವರ್ಷದ ಚಂದಾ ಕಟ್ಟಿ, ಸೈಬರ್ ಸೆಂಟರಿನಲ್ಲಿ ಕುಳಿತು, ಇಂಟರ್ನೆಟ್ಟಿನ ಯಾವುದೋ ತಾಣದಲ್ಲಿ. ಭಾನುವಾರ ನಮ್ಮಲ್ಲಿಗೆ ಬಂದಾಗಲೆಲ್ಲ ಇದೇ ಚರ್ಚೆ.

"ನಿಮ್ದು ಬಾವಿ, ಭಾವ. ಮನೆ ಬಿಟ್ಟು ಹೋದ್ರೆ ಬಾಯಾರ್ಕೊಂಡಿರ್ಬೇಕು. ನಂದು ನಲ್ಲಿ. ಎಲ್ಲಿ ತಿರುಗಿಸಿದ್ರೂ ಬರುತ್ತೆ."

"ನಲ್ಲಿ ನೀರು ಅವರು ಬಿಟ್ಟಾಗ ಬರುತ್ತೆ ಮಾರಾಯ, ನೀನು ತಿರುಗಿಸಿದಾಗಲ್ಲ."

ಇಂಥ ಮಾತು ಹೊಳೆದ ದಿನ ನನಗೆ ಒಂದು ರೊಟ್ಟಿ ಹೆಚ್ಚೇ ಸೇರುತ್ತಿತ್ತು.

ಆಮೇಲೆ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಅಂಗಡಿಯವರು ಡೈರಿಯನ್ನಷ್ಟೇ ಉಳಿಸಿ, ಮಿಕ್ಕದ್ದನ್ನೆಲ್ಲ ಅಳಿಸಿ ಕೊಟ್ಟರು. ಕನ್ನಡ ತಂತ್ರಾಂಶವನ್ನು ನಾನೇ ಮತ್ತೆ ಸೀಡಿಯಿಂದ ಹಾಕಿಕೊಳ್ಳಬೇಕು. ಅದಿಲ್ಲದಿದ್ದರೆ ಆರು ವರ್ಷವೂ ಪರದೆಯ ಮೇಲೆ ಕೋಳಿ ಕೆದರಿದಂತೆ ಕಾಣುತ್ತಿತ್ತು. ಸೀಡಿ ದೇವರ ಕೋಣೆಯಲ್ಲಿತ್ತು. ಆಯುಧಪೂಜೆಗೆ ಈಳಿಗೆಮಣೆ, ಸ್ಕ್ರೂಡ್ರೈವರ್ ಜೊತೆ ಇಟ್ಟದ್ದು ಅಲ್ಲೇ ಉಳಿದಿತ್ತು. ಡಬ್ಬಿ ತೆರೆದರೆ, ಹೊಳೆಯುವ ಮೈಗೆ ಮೂರೆಳೆ ವಿಭೂತಿ, ತೂತಿನ ಪಕ್ಕ ಕುಂಕುಮ! ಕಂಪ್ಯೂಟರ್ ಅದನ್ನು ಒಳಗೆಳೆದುಕೊಂಡು, ಎರಡು ಸಲ ಕೆಮ್ಮಿ, ಹೊರಗೆ ತಳ್ಳಿತು.

"ಗಿರಿಜಾ, ಏನು ಮಾಡಿಟ್ಟಿದ್ದೀಯ ನೋಡು! ಆರು ವರ್ಷ ಹೋಯ್ತು!"

"ನಾನೆಲ್ಲಿ ಹಚ್ಚಿದೆ? ನೀವೇ ಹಚ್ಚಿದ್ದು ಕಣ್ರೀ."

"ನೀನೇ. ನಂಗೆ ಚೆನ್ನಾಗಿ ನೆನಪಿದೆ. ಹಸಿರು ಸೀರೆ ಉಟ್ಟಿದ್ದೆ."

ಭಾನುವಾರವಾದ್ದರಿಂದ ಅಲ್ಲೇ ಇದ್ದ ಬಸವರಾಜ ನಕ್ಕ. "ನನ್ನ ಡೈರಿಗೆ ಯಾರೂ ವಿಭೂತಿ ಹಚ್ಚೋಕಾಗಲ್ಲ ಭಾವ."

ತೋರಿಸು ನೋಡೋಣ ಎಂದು ಅವನನ್ನು ಸರ್ಕಲ್ಲಿನ ಸೈಬರ್ ಸೆಂಟರಿಗೆ ಎಳೆದೊಯ್ದೆ. ಚಂದಾ ಮುಗಿದಿದೆಯೆಂದು ಪರದೆ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ತಿಳಿಸಿತು. ಮತ್ತೆ ಕಟ್ಟುವವರೆಗೆ ಅವನು ಬರೆದದ್ದು ಅವನಿಗೇ ಕಾಣುವಂತಿಲ್ಲ.

"ಇವತ್ತು ನೀರು ಬಿಟ್ಟಿಲ್ವೇನೋ?" ಎಂದೆ.

ಮನೆಗೆ ಬಂದರೆ ಗಿರಿಜೆ ನನ್ನ ಕನ್ನಡಕದ ಬಟ್ಟೆಯಿಂದ ಸೀಡಿಯನ್ನು ಒರೆಸಿ ಫಳಫಳ ಮಾಡಿಟ್ಟಿದ್ದಳು. ಈ ಸಲ ಕಂಪ್ಯೂಟರ್ ಕೆಮ್ಮಲಿಲ್ಲ. ಆರು ವರ್ಷವೂ ಅಚ್ಚ ಕನ್ನಡದಲ್ಲಿ ಎದ್ದು ಬಂತು. ನಾನು ಮೊದಲು ಹುಡುಕಿದ್ದೇ ಆಯುಧಪೂಜೆಯ ದಿನವನ್ನು. ಸಾಕ್ಷಿ ಸಿಕ್ಕಿದ ಉತ್ಸಾಹ ನೋಡಿ. ಅಕ್ಕ ತಮ್ಮ ಇಬ್ಬರೂ ನನ್ನ ಬೆನ್ನ ಹಿಂದೆ ಬಂದು ನಿಂತರು.

"ಗಟ್ಟಿಯಾಗಿ ಓದಿ," ಎಂದಳು ಗಿರಿಜೆ.

ಓದಿದೆ: 'ಸೀಡಿಗೆ ನಾನೇ ವಿಭೂತಿ ಹಚ್ಚಿದೆ. ಹೊಳೆಯುವ ಕಡೆ ಬೇಡ, ಡಬ್ಬಿಗೆ ಹಚ್ಚಿ ಎಂದಳು ಗಿರಿಜೆ. ಅವಳಿಗೆ ಕಂಪ್ಯೂಟರಿನ ವಿಷಯ ಏನು ಗೊತ್ತು!'

ಬಸವರಾಜ ನನ್ನ ಹೆಗಲು ತಟ್ಟಿ, "ನಂದೇ ವಾಸಿ ಅಲ್ವಾ ಭಾವ, ಬಾಗಿಲು ಹಾಕಿತ್ತು, ಸಾಕ್ಷಿ ಹೇಳೋಕೆ ಬರ್ಲಿಲ್ಲ," ಎಂದ.

ಆದರೂ ಆ ಹಸಿರು ಸೀರೆ ನಿಜವೆಂದು ನನಗೆ ಈಗಲೂ ಅನ್ನಿಸುತ್ತದೆ. ಗಿರಿಜೆಯನ್ನು ಕೇಳಿಲ್ಲ. ನನ್ನ ಹತ್ತಿರ ಹಸಿರು ಸೀರೆಯೇ ಇಲ್ಲವಲ್ಲ ಎಂದುಬಿಟ್ಟರೆ?