ಇ-ಸಿಗರೇಟಿಗೆ ತುಪ್ಪದ ಬತ್ತಿ

ಹತ್ತಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಶಹಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆಂದು ಹೇಳುತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ! ಊರ ಹೊರಗಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಪರೀಕ್ಷೆ ಮಾಡುವುದು ನನ್ನ ಕೆಲಸ. ರೈತರು ತಂದ ಚೀಲದೊಳಗೆ ಕೈ ಹಾಕಿ, ಒಂದು ಚಿಟಿಕೆ ಹಿಂಜಿ, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, "ದೇವಾಪುರದ್ದು, ಎರಡನೇ ಸಲ ಬಿಡಿಸಿದ್ದು, ಜರಾ ಹಸಿ ಅದ" ಎಂದುಬಿಡುತ್ತೇನೆ. ಚೀಲದ ಮೇಲೆ ಊರಿನ ಹೆಸರು ಬರೆದಿರುತ್ತದೆ ಎಂಬುದು ಬೇರೆ ಮಾತು.

ನನಗೆ ಬೀಡಿಯ ಚಟವಿತ್ತು. ನನ್ನ ಹೆಂಡತಿ ನೀಲಮ್ಮನಿಗೆ ಚಹಾದ ಚಟ. ಬಸಿಗೆ ಸುರಿದು, ಊದಿ, ಕಣ್ಣು ಮುಚ್ಚಿ ಅವಳು ಚಹಾ ಕುಡಿಯುವಾಗ ಮನೆಗೆ ಕಳ್ಳ ನುಗ್ಗಿದರೂ ತಿರುಗಿ ನೋಡುತ್ತಿರಲಿಲ್ಲ. ಹೋದ ದೀಪಾವಳಿಯಲ್ಲಿ ಅವಳೇ ಒಂದು ಒಪ್ಪಂದ ತಂದಳು.

"ನೀವು ಬೀಡಿ ಬಿಡ್ರಿ, ನಾ ಚಹಾ ಬಿಡ್ತೀನಿ. ಇಬ್ಬರೂ ದೇವರ ಮುಂದ ಆಣಿ ಮಾಡೂಣು."

ಆಣೆ ಮಾಡಿದೆವು. ಸಾಕ್ಷಿಗೆ ನಮ್ಮ ಅವ್ವ ನಿಂತಿದ್ದಳು. "ಯಾರು ತಪ್ಪಿದ್ರೂ ಮನಿಗಿ ಛಲೋ ಆಗಂಗಿಲ್ಲ ನೋಡ್ರಿ" ಎಂದು ಮೊಹರು ಒತ್ತಿದಳು.

ನೀಲಮ್ಮ ಪಾಪ, ತಲೆನೋವಿಗೆ ಹಣೆಗೆ ಅರಿವೆ ಬಿಗಿದುಕೊಂಡು ದಿನ ದೂಡಿದಳು. ಬಂದವರಿಗೆ ಮುಖ ಅತ್ತ ತಿರುಗಿಸಿ ಚಹಾ ಸೋಸಿ ಕೊಟ್ಟಳು. ನಾನೂ ಮಾತಿಗೆ ತಪ್ಪಲಿಲ್ಲ. ಬೀಡಿ ಬಿಟ್ಟೆ. ಹೊಗೆ ಬಿಡಲಿಲ್ಲ!

ಇದಕ್ಕೆ ಕಾರಣ ನನ್ನ ಷಡ್ಡಕ, ಮುದನಾಳದ ಸಿದ್ದಣ್ಣ. ಮುಂಬೈಗೆ ದುಡಿಯಲು ಹೋಗಿದ್ದವನು ಬರುವಾಗ ಕದ್ದುಮುಚ್ಚಿ ನನಗೊಂದು ಇ-ಸಿಗರೇಟು ತಂದ. ದಪ್ಪ ಪೆನ್ನಿನಂತಿತ್ತು. ಜೊತೆಗೆ ಕೊಟ್ಟ ಸೀಸೆಯ ರಸ ತುಂಬಿ, ಗುಂಡಿ ಒತ್ತಿ ಎಳೆದರೆ ಮಾವಿನಹಣ್ಣಿನ ವಾಸನೆಯ ಹೊಗೆ. ದೇವರ ಮುಂದೆ ನಾನು ಬಿಟ್ಟದ್ದು ಬೀಡಿ, ಇದು ಬೀಡಿಯಲ್ಲ, ಆದ್ದರಿಂದ ಆಣೆ ಮುರಿದಂತಾಗಲಿಲ್ಲ ಎಂದು ನನ್ನ ಪರವಾಗಿ ನಾನೇ ವಾದಿಸಿ, ನಾನೇ ತೀರ್ಪು ಕೊಟ್ಟುಕೊಂಡೆ. ಮಾಳಿಗೆ ಹತ್ತಿ ದಿನಾ ಎಳೆಯತೊಡಗಿದೆ.

"ಈ ಥಂಡ್ಯಾಗ ಮಾವಿನಹಣ್ಣ ಎಲ್ಲಿಂದ ಬಂತ್ರಿ?" ಎಂದು ನೀಲಮ್ಮ ಮೂಗರಳಿಸಿ ಅಡುಗೆಮನೆಯ ಬುಟ್ಟಿಗಳನ್ನೆಲ್ಲ ಹುಡುಕಿದಳು. ನಾನೂ ಜೊತೆಗೆ ನಿಂತು ಹುಡುಕಿದೆ.

ಹೀಗಿರಲು ಒಂದು ದಿನ ಎಳೆದರೆ ಮಾವಿನಹಣ್ಣಿಲ್ಲ. ಸುಟ್ಟ ಅರಿವೆಯ ರುಚಿ! ನೀರು ಕುಡಿದೆ, ಬೆಲ್ಲ ತಿಂದೆ, ಹಸಿ ಉಳ್ಳಾಗಡ್ಡಿ ಕಡಿದೆ. ನಾಲಿಗೆಯಿಂದ ಹೋಗಲೊಲ್ಲದು. ರಿಪೇರಿಗೆ ಒಯ್ಯೋಣವೆಂದರೆ ನಮ್ಮ ದೇಶದಲ್ಲಿ ಇದನ್ನು ಮಾರುವುದೇ ನಿಷೇಧ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯವನು ಅದನ್ನು ನೋಡಿದ್ದೇ ತಡ, ಕೈಮುಗಿದು "ಮದ್ಲ ಒಳಗ ಇಡ್ರಿ ಸಾಹೇಬ್ರ" ಎಂದ. ಸಿದ್ದಣ್ಣನಿಗೇ ಫೋನ್ ಹಚ್ಚಿದೆ.

"ಅದರೊಳಗ ತಂತಿ ಸುರುಳಿ ಇರ್ತದ್ರಿ ಅಣ್ಣಾರ. ಸುರುಳಿ ನಡುವ ಹತ್ತಿ. ಹತ್ತಿ ರಸ ಕುಡೀಬೇಕು, ತಂತಿ ಕಾಯಬೇಕು, ಆಗ ಹೊಗಿ. ನಿಮ್ಮ ಹತ್ತಿ ಸುಟ್ಟದ. ಬ್ಯಾರೆ ಹತ್ತಿ ಹಾಕ್ರಿ."

ಹತ್ತಿ! ನನಗೆ! ನಗುವೇ ಬಂತು. ಮರುದಿನ ಮಿಲ್ಲಿನಲ್ಲಿ ರಾಶಿಗಳ ನಡುವೆ ಓಡಾಡಿ, ಎಳೆದು, ಹಿಂಜಿ, ಬೆಳಕಿಗೆ ಹಿಡಿದು, ಶಹಾಪುರ ಸೀಮೆಯ ಅತ್ಯುತ್ತಮ ಹತ್ತಿಯ ಒಂದು ಚಿಟಿಕೆಯನ್ನು ಜೇಬಿಗಿಳಿಸಿದೆ. ಸಂಜೆ ಅದನ್ನು ಸುರುಳಿಗೆ ತುರುಕಿ, ರಸ ಹಾಕಿ ಎಳೆದೆ. ಮೊದಲು ಅರಿವೆ ಸುಟ್ಟಂತಿದ್ದದ್ದು ಈಗ ಗೋಣಿಚೀಲ ಸುಟ್ಟಂತಾಯಿತು! ಬಿಚ್ಚಿ ನೋಡಿದರೆ ಹತ್ತಿ ಒಂದು ಹನಿಯನ್ನೂ ಕುಡಿದಿರಲಿಲ್ಲ.

"ಮಿಲ್ಲಿನ ಹತ್ತಿ ಹಾಕಿದ್ರೇನು?" ಫೋನಿನಲ್ಲಿ ಸಿದ್ದಣ್ಣ ಹೊಟ್ಟೆ ಹಿಡಿದು ನಕ್ಕ. "ಹಸಿ ಹತ್ತ್ಯಾಗ ಹುಟ್ಟಾ ಜಿಡ್ಡ ಇರ್ತದ, ಅದು ರಸ ಕುಡಿಯಂಗಿಲ್ಲ. ಔಷಧ ಅಂಗಡ್ಯಾಗ ತೊಳದ ಬಿಳಿ ಹತ್ತಿ ಸಿಗ್ತದ, ಅದನ್ನ ತರ್ರಿ. ಇದು ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು ಎಂದೆ. ಆದರೆ ಹತ್ತಿ ಪರೀಕ್ಷೆ ಮಾಡುವವನು ಅಂಗಡಿಗೆ ಹೋಗಿ ಹತ್ತಿ ಕೊಳ್ಳುವುದೆಂದರೆ ಏನು? ಊರಲ್ಲಿ ತಲೆ ಎತ್ತಿ ತಿರುಗುವುದು ಬೇಡವೇ? ಆಗ ನನ್ನ ಕಣ್ಣು ದೇವರ ಜಗುಲಿಯ ಮೇಲಿನ ಡಬ್ಬಿಗೆ ಬಿತ್ತು. ಒಳಗೆ ನೀಲಮ್ಮ ಮಾಡಿಟ್ಟ ಹೂಬತ್ತಿಗಳು. ಬೆಳ್ಳಗೆ, ಮೆತ್ತಗೆ, ತುದಿ ಹೊಸೆದು ತಯಾರು! ಮುಟ್ಟಿದರೆ ಬೆರಳಿಗೆ ಸ್ವಲ್ಪ ಜಿಡ್ಡು ಹತ್ತಿತು. ದೇವರ ಹತ್ತಿಯಲ್ಲವೇ, ಹಾಗಿರಬಹುದು ಎಂದುಕೊಂಡೆ.

ಅವಳು ಅವುಗಳನ್ನು ಮಧ್ಯಾಹ್ನವೇ ಎಮ್ಮೆ ತುಪ್ಪದಲ್ಲಿ ಅದ್ದಿಟ್ಟಿದ್ದಳು. ಚಳಿಗೆ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿ ಹತ್ತಿಯ ಬಣ್ಣಕ್ಕೇ ತಿರುಗಿತ್ತು. ಮಿಲ್ಲಿನ ಮಹಾಪರೀಕ್ಷಕನಿಗೆ ಹತ್ತಿ ಯಾವುದು, ತುಪ್ಪ ಯಾವುದು ತಿಳಿಯಲಿಲ್ಲ!

ಮಾಳಿಗೆ ಹತ್ತಿ, ಹೂಬತ್ತಿ ತುರುಕಿ, ಗುಂಡಿ ಒತ್ತಿ, ಜೋರಾಗಿ ಎಳೆದೆ. ಒಳಗೆ ಚಟಪಟ ಒಗ್ಗರಣೆಯ ಸದ್ದಾಯಿತು. ಗಂಟಲಿಗೆ ಸುಡು ತುಪ್ಪದ ಹೊಗೆ ನುಗ್ಗಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಗುಂಡಿಯಿಂದ ಬೆರಳು ತೆಗೆದರೂ ತುಪ್ಪಕ್ಕೆ ಅಂಟಿದ ಗುಂಡಿ ಮೇಲೆ ಬರಲಿಲ್ಲ, ತಂತಿ ಕಾಯುತ್ತಲೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ಅವ್ವನ ಕೂಗು.

"ನೀಲವ್ವಾ! ದೀಪ ಆರಿದ ವಾಸನಿ ಬರಾಕತ್ತದ! ದೇವರ ಮುಂದಿನ ದೀಪ ನೋಡು!"

ಸಂಜೆಯ ಹೊತ್ತಿನಲ್ಲಿ ದೀಪ ಆರುವುದೆಂದರೆ ನಮ್ಮವ್ವನಿಗೆ ಮನೆಯೇ ಬಿದ್ದಂತೆ. ಇ-ಸಿಗರೇಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೆಳಗೆ ಓಡಿದೆ. ನಂದಾದೀಪ ನೆಟ್ಟಗೆ ಉರಿಯುತ್ತಿತ್ತು. ಪಕ್ಕದ ಮನೆಯ ದೇವಕ್ಕನೂ ಕೊಡ ಹೊತ್ತವಳು ಹಾಗೇ ಬಂದು, "ನಮ್ಮ ಮನ್ಯಾಗಿನ ದೀಪಾನೂ ಛಲೋ ಅದರೀ, ವಾಸನಿ ಇಲ್ಲಿದೇ" ಎಂದಳು.

"ದೀಪ ಉರೀತದ, ಆರಿದ ವಾಸನಿ ಬರ್ತದ!" ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಆಣಿ ಮುರದಾರ ಯಾರೋ. ಯಾರಂತ ಹೇಳಿಬಿಡ್ರಿ."

ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ ಗೋಡೆಗೆ ಒರಗಿ ಅಳತೊಡಗಿದಳು.

"ನಾನಾ ಅತ್ತೀ. ನಿನ್ನಿ ತಲಿ ಸಿಡದು ಹೋಗಾಕತ್ತಿತ್ತು. ದೇವಕ್ಕನ ಮನ್ಯಾಗ ಅರ್ಧ ಬಸಿ ಚಹಾ ಕುಡದೀನಿ." ನನ್ನ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ತಪ್ಪಿಗಿ ನಿಮಗೇನರೆ ಆದ್ರ ನಾ ಹ್ಯಾಂಗ ಇರಲ್ರೀ?"

ಅರ್ಧ ಬಸಿ ಚಹಾ! ನನ್ನ ಎದೆಯ ಎಡಭಾಗ ಬಿಸಿಯಾಗತೊಡಗಿತು. ಪಶ್ಚಾತ್ತಾಪ ಎಂದುಕೊಂಡೆ. ಕಾಯುತ್ತಿದ್ದದ್ದು ಜೇಬು!

ಆ ಕ್ಷಣ ನಿಜ ಹೇಳಿದ್ದರೆ ಮನುಷ್ಯನೆನಿಸಿಕೊಳ್ಳುತ್ತಿದ್ದೆ. ಆದರೆ ಕ್ಷಮಿಸುವ ಅವಕಾಶ ಗಂಡನಾದವನಿಗೆ ದಿನಾ ಸಿಗುತ್ತದೆಯೇ? ಮುಖ ಗಂಭೀರ ಮಾಡಿಕೊಂಡು, ಒಂದು ಕೈ ಎತ್ತಿ ಹೇಳಿದೆ:

"ಹೋಗ್ಲಿ ಬಿಡು ನೀಲಾ. ಮನಸ್ಸು ಜಾರತದ. ಎಲ್ಲಾರೂ ನನ್ನಂಗ ಗಟ್ಟಿ ಇರಬೇಕಂದ್ರ ಹ್ಯಾಂಗ ಆಗ್ತದ?"

ಹೇಳಿ ಮುಗಿಸುವಷ್ಟರಲ್ಲಿ ಜೇಬಿನಿಂದ ಕಪ್ಪು ಹೊಗೆ ಎದ್ದು, ನನ್ನ ಗಲ್ಲ ಸವರಿ, ಮೀಸೆಯೊಳಗಿಂದ ಮೇಲೇರಿತು.

"ಬಸ್ಯಾ! ನಿನ್ನ ಅಂಗಿ ಉರ್ಯಾಕತ್ತದಲೋ!" ಅವ್ವ ಚೀರಿದಳು. ದೇವಕ್ಕ ಹಿಂದೆಮುಂದೆ ನೋಡದೆ ಕೊಡದ ನೀರನ್ನೆಲ್ಲ ನನ್ನ ಮೇಲೆ ಸುರಿದಳು. ಜೇಬಿನಿಂದ ಇ-ಸಿಗರೇಟು ಜಾರಿ ನೆಲಕ್ಕೆ ಬಿತ್ತು. ಅದರ ಬಾಯಿಂದ ಹೂಬತ್ತಿಯ ಬಾಲ ಹೊರಗೆ ಚಾಚಿತ್ತು. ನೀಲಮ್ಮ ಬಗ್ಗಿ ಎತ್ತಿಕೊಂಡಳು, ಮೂಸಿದಳು. ಅಳು ಅಲ್ಲಿಗೆ ನಿಂತಿತು.

"ಇದು ನನ್ನ ಬತ್ತಿ" ಎಂದಳು.

ನಾನು ನೀರು ಸೋರುತ್ತ ನಿಂತಿದ್ದೆ. ದೇವರ ಜಗುಲಿಯ ಕಡೆ ನೋಡುವ ಧೈರ್ಯವಿರಲಿಲ್ಲ, ಹೆಂಡತಿಯ ಕಡೆ ನೋಡುವುದಂತೂ ದೂರದ ಮಾತು. ಅವಳು ಬೈಯಲಿಲ್ಲ. ಸೀದಾ ಒಳಗೆ ಹೋಗಿ, ಶುಂಠಿ ಜಜ್ಜಿ, ಪಾತ್ರೆ ತುಂಬ ಚಹಾ ಇಟ್ಟಳು. ಅವ್ವನಿಗೆ ಕೊಟ್ಟಳು, ದೇವಕ್ಕನಿಗೆ ಕೊಟ್ಟಳು, ತಾನೂ ಬಸಿಗೆ ಸುರಿದುಕೊಂಡು ನನ್ನೆದುರಿಗೇ ಕೂತು ಕುಡಿದಳು.

"ನನಗ ಒಂದ ಗುಟುಕು? ಬಾಯಾಗಿನ ಸುಟ್ಟ ರುಚಿ ಹೋಗವಲ್ದು..." ಎಂದೆ.

"ನಿಮಗ ಯಾಕ್ರಿ? ತುಪ್ಪಾ ಕುಡದು ಬಂದೀರಿ" ಎಂದಳು. ಮೂವರು ಹೆಂಗಸರೂ ಒಟ್ಟಿಗೆ ನಕ್ಕರು. ನಿಜ ಹೇಳಬೇಕೆಂದರೆ ಆ ನಗು ಕೇಳಿ ನನಗೆ ಜೀವ ಬಂತು.

ಅಂದಿನಿಂದ ನಾನು ಖರೇ ಬಿಟ್ಟಿದ್ದೇನೆ. ಬೀಡಿ, ಹೊಗೆ, ಮಾವಿನಹಣ್ಣು ಎಲ್ಲ! ಆದರೆ ನಂಬುವವರು ಯಾರು? ಮಿಲ್ಲಿನಿಂದ ಮನೆಗೆ ಬಂದರೆ ಹೊಸ್ತಿಲಲ್ಲೇ ತಡೆಯುತ್ತಾರೆ. ನಾನು "ಆ" ಎಂದು ಬಾಯಿ ತೆರೆಯಬೇಕು. ಅವ್ವ ಮೂಸಿ ನೋಡಿ, "ವಾಸನಿ ಇಲ್ಲ ನೀಲವ್ವಾ, ಒಳಗ ಬಿಡು" ಎಂದ ಮೇಲೆಯೇ ಪ್ರವೇಶ. ನಿನ್ನೆ ಅವ್ವನಿಗೆ ನೆಗಡಿಯಾಗಿತ್ತು. ಒಂದು ದಿನ ಪಾರಾದೆ ಎಂದು ಖುಷಿಯಿಂದ ಚಪ್ಪಲಿ ಬಿಟ್ಟೆ.

ದೇವಕ್ಕನನ್ನು ಕರೆಸಿದರು!