ಟಾನಿ ಫೋರ್ಕ್ ಬೆಂಕಿ ದಳದ ರೈಫಲ್

ಅಮೆರಿಕದ ಕಾನೂನಿನ ಪ್ರಕಾರ, ಬಿಡಿಭಾಗ ಆಯ್ದು ಜೋಡಿಸುವ ನಮ್ಮ ಕಡೆಯ ಅರೆಸ್ವಯಂಚಾಲಿತ ಬೇಟೆ ರೈಫಲಿನಲ್ಲಿ, ನಂಬರು ಕೆತ್ತಿದ ಅಂಗೈಯಗಲದ ಅಲ್ಯೂಮಿನಿಯಂ ಚೌಕಟ್ಟೊಂದೇ ರೈಫಲ್. ನಳಿಗೆ, ಟ್ರಿಗರ್, ದುರ್ಬೀನು ಎಲ್ಲ ಬರೀ ಸಾಮಾನು. ಒಪ್ಪದವರು ವಾಷಿಂಗ್ಟನ್ನಿಗೆ ಬರೆದುಕೊಳ್ಳಲಿ, ನನ್ನ ಹತ್ತಿರ ವಾದಕ್ಕೆ ಬರುವುದು ಬೇಡ. ನಾನು ವೆಸ್ಟ್ ವರ್ಜೀನಿಯಾದ ಟಾನಿ ಫೋರ್ಕ್ ಸ್ವಯಂಸೇವಕ ಅಗ್ನಿಶಾಮಕ ದಳದ ಕಾರ್ಯದರ್ಶಿ. ನನಗೆ ಬೇರೆ ಕೆಲಸವಿದೆ.

ಕಳೆದ ವಸಂತದಲ್ಲಿ ನಮ್ಮ ಬೆಂಕಿ ಗಾಡಿಯ ಪಂಪು ಕೆಟ್ಟಿತು. ಹೊಸದಕ್ಕೆ ದುಡ್ಡಿಲ್ಲ. ಇಂಥ ಹೊತ್ತಲ್ಲಿ ಇಲ್ಲಿ ಮಾಡುವುದು ಒಂದೇ, ರೈಫಲನ್ನು ಬಹುಮಾನವಾಗಿಟ್ಟು ಲಾಟರಿ ಚೀಟಿ ಮಾರುವುದು. ಮೊದಲ ಚೀಟಿ ಕೊಂಡವರು ಕಣಿವೆಯ ತುದಿಯಲ್ಲಿ ಒಂಟಿಯಾಗಿರುವ ಓಪಲ್ ಟೀಟರ್, ಊರಿಗೆಲ್ಲ ಓಪಲ್ ಅತ್ತೆ. ಅವರದ್ದು ಸೌದೆ ಒಲೆ, ಬಿರುಕುಬಿಟ್ಟ ಚಿಮಣಿ, ಅಪ್ಪ ಕಟ್ಟಿದ ಮರದ ಮನೆ.

"ನಂಗೆ ಕೋವಿ ಬೇಡಪ್ಪ, ಪಂಪ್ ಬಂದ್ರೆ ಸಾಕು. ಒಲೆ ಹಚ್ಚೋಕೇ ಹೆದರಿಕೆ ಆಗುತ್ತೆ," ಅಂದರು.

ಅಂಗಡಿಯಿಂದ ಸಿದ್ಧ ರೈಫಲ್ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಕೋವಿ ಸಾಮಾನಿನ ಅಂಗಡಿ ಇಟ್ಟಿರುವ ಓಕಿ ನಮ್ಮ ದಳದ ಖಜಾಂಚಿಯೂ ಹೌದು. ಸಿದ್ಧ ರೈಫಲ್ ಅಂದರೆ ಹೋಟೆಲ್ ಊಟ, ಆಯ್ದು ಕಟ್ಟಿದ್ದು ಮನೆ ಅಡಿಗೆ ಎಂದು ಅವನು ತಿಳಿಹೇಳಿದ. ಕೂಡಲೇ ಬಿಡಿಭಾಗ ಆಯ್ಕೆ ಉಪಸಮಿತಿ ರಚನೆಯಾಗಿ, ಓಕಿ ಅಧ್ಯಕ್ಷನಾದ. ಸಾಮಾನು ಯಾರ ಅಂಗಡಿಯಿಂದ ತರಬೇಕೆಂಬ ಚರ್ಚೆ ಅನಗತ್ಯವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಗುಡ್ಡ ಹತ್ತಬೇಕಲ್ಲ ಎಂದು ಹಗುರ ನಳಿಗೆ ತರಲಾಯಿತು. ಹಗುರದ್ದು ಬೇಗ ಕಾದು ಗುರಿ ತಪ್ಪುತ್ತದೆ ಎಂದು ಭಾರದ್ದು ತರಲಾಯಿತು. ಆ ಭಾರ ತೂಗಿಸಲು ಹೆಗಲಿಗಾನಿಸುವ ಬೇರೆ ಹಿಂಬದಿ, ಅದಕ್ಕೊಪ್ಪುವ ದುರ್ಬೀನು, ದುರ್ಬೀನಿಗೊಪ್ಪುವ ಕೊಂಡಿ. ಬಣ್ಣಕ್ಕೇ ಎಷ್ಟೋ ಸಭೆ ಹಿಡಿಯಿತು. ಜಿಂಕೆಗೆ ಬಣ್ಣ ಅಷ್ಟಾಗಿ ತಿಳಿಯುವುದಿಲ್ಲ ಎಂದ ಸದಸ್ಯನನ್ನು ಸಮಿತಿಯಿಂದ ಕೈಬಿಡಲಾಯಿತು. ಚೀಟಿ ದುಡ್ಡು ಮುಗಿದಾಗ ಟ್ರಿಗರ್ ಬಾಕಿ ಇತ್ತು. ಓಕಿ ತೋರಿಸಿದ ಟ್ರಿಗರ್ ಬೆಣ್ಣೆಯಂತಿತ್ತು, ಒತ್ತಿ ನೋಡಿದವರೆಲ್ಲ ನಿಟ್ಟುಸಿರು ಬಿಟ್ಟರು. ಹಾಗಾಗಿ ಗಾಡಿಯ ನೀರಿನ ಪೈಪುಗಳನ್ನು ಪಕ್ಕದೂರಿನ ದಳಕ್ಕೆ ಮಾರಿದೆವು. ಪಂಪಿಲ್ಲದ ಪೈಪು ನಿರುಪಯುಕ್ತ ಆಸ್ತಿ ಎಂಬ ನಿಯಮ ಅಂದೇ ಜಾರಿಗೆ ಬಂತು. ಬರೆದವನು ನಾನೇ, ಚೆನ್ನಾಗಿ ಬಂದಿದೆ.

ಸುದ್ದಿ ಕೇಳಿ ಓಪಲ್ ಅತ್ತೆ ಸಭೆಗೇ ಬಂದರು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಪಂಪಿಲ್ಲ, ಪೈಪಿಲ್ಲ, ಅದ್ಯಾವ ಬೆಂಕಿ ಗಾಡಿನೋ ಅದು?"

ದಳಪತಿ ಡೆನ್ಜಿಲ್ ಸಮಾಧಾನದ ಮನುಷ್ಯ. "ನಂಬರ್ ಇರೋ ಭಾಗಾನೇ ರೈಫಲ್ ಅಲ್ವಾ ಅತ್ತೆ? ಗಾಡಿಗೂ ಅದೇ ಲೆಕ್ಕ. ನಂಬರ್ ಪ್ಲೇಟ್ ಗಟ್ಟಿಯಾಗಿದೆ, ನಾನೇ ಸ್ಕ್ರೂ ಬಿಗಿದಿದೀನಿ."

ಅತ್ತೆ ಅವನ ಮುಖವನ್ನೇ ನೋಡಿ, ಎದ್ದು ಹೋದರು. ನಾನು ಸಭೆಯ ನಡವಳಿಯಲ್ಲಿ 'ತೃಪ್ತರಾಗಿ ತೆರಳಿದರು' ಎಂದು ದಾಖಲಿಸಿದೆ.

ಜಿಂಕೆ ಬೇಟೆ ಶುರುವಾದ ವಾರ, ಹಿಮ ಬಿದ್ದ ಒಂದು ಬೆಳಿಗ್ಗೆ ಅವರ ಚಿಮಣಿ ಹೊತ್ತಿಕೊಂಡಿತು. ನಾವು ಚೂರೂ ತಡಮಾಡಲಿಲ್ಲ. ಸೈರನ್ನಿಗೆ ಗಿರಾಕಿ ಸಿಕ್ಕಿರಲಿಲ್ಲವಾದ್ದರಿಂದ ಅದನ್ನು ಜೋರಾಗಿ ಕೂಗಿಸಿಕೊಂಡು ಹೋಗಿ, ಗಾಡಿ ಓರೆಗೆ ನಿಲ್ಲಿಸಿ, ಟೋಪಿ ತೆಗೆದು ಸಾಲಾಗಿ ನಿಂತೆವು. ಓಕಿ, ಚೀಟಿ ಎತ್ತುವ ತನಕ ತನ್ನ ಬಳಿಯೇ ಇದ್ದ ರೈಫಲಿನ ದುರ್ಬೀನಿನಲ್ಲಿ ನೋಡಿ, ಸೂರು ಕುಸಿಯುವುದು ಮೊಳೆ ಮೊಳೆಯೂ ಕಾಣುತ್ತದೆ, ಹಾಕಿದ ದುಡ್ಡು ದಂಡವಾಗಲಿಲ್ಲ ಅಂದ. ಅತ್ತೆ ಬೆಕ್ಕನ್ನು ಅವಚಿಕೊಂಡು ಅಂಗಳದಲ್ಲಿ ನಿಂತಿದ್ದರು. ಅಳಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ರಸ್ತೆಬದಿಯ ಟಪಾಲು ಪೆಟ್ಟಿಗೆ, ಅದರ ಮೇಲೆ ಮನೆಯ ನಂಬರು. ಡೆನ್ಜಿಲ್ ಹಿಮ ಒರೆಸಿ ನಂಬರು ಓದಿ, ಮನೆ ಸುರಕ್ಷಿತವಾಗಿದೆಯೆಂದು ಘೋಷಿಸಿದ. ವಿಮೆ ಕಂಪನಿಯವನು ಎಂದೂ ಇಲ್ಲದ ಚುರುಕಿನಿಂದ ಅಂದೇ ಬಂದು, ಇಷ್ಟು ಸ್ಪಷ್ಟ ವರದಿಯನ್ನು ತನ್ನ ಸೇವೆಯಲ್ಲೇ ಕಂಡಿಲ್ಲವೆಂದು ನಮ್ಮೆಲ್ಲರ ಕೈಕುಲುಕಿ, ನಷ್ಟವಿಲ್ಲವೆಂದು ಬರೆದುಕೊಂಡು ಹೋದ. ಕಂದಾಯದವರಂತೂ ಮನೆಗೆ ಗಾಳಿ ಬೆಳಕು ಹೆಚ್ಚಾಗಿದೆಯೆಂದು ಮುಂದೆ ತೆರಿಗೆ ಏರಿಸಿದರು.

ಸಂಜೆ ನಾವು ಪೆಪ್ಪರೋನಿ ಮಾಂಸ ತುಂಬಿದ ಬ್ರೆಡ್ ರೋಲು, ಬೀನ್ಸ್ ಪಾತ್ರೆ ಹಿಡಿದುಕೊಂಡು, ಮನೆ ಉಳಿದದ್ದಕ್ಕೆ ಅಭಿನಂದಿಸಲು ಹೋದೆವು. ಅತ್ತೆ ಬೂದಿಯ ನಡುವೆ ಯಾರೋ ಕೊಟ್ಟ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಗಿಲಿದ್ದ ಜಾಗದಿಂದ ಡೆನ್ಜಿಲ್ ಒಳಗೆ ಕಾಲಿಟ್ಟ.

"ನಿಲ್ಲೋ," ಅಂದರು ಅತ್ತೆ. "ನಿಮ್ಮಮ್ಮ ಕಲಿಸ್ಲಿಲ್ವೇನೋ? ಮನೆ ಒಳಗೆ ಬೂಟು ಹಾಕ್ಕೊಂಡು ಬರ್ತಾರಾ?"

ಹಿಮದಲ್ಲಿ ಕೂತು ಬೂಟು ಬಿಚ್ಚಿದೆವು. ಬರೀ ಕಾಲುಚೀಲದಲ್ಲಿ ಒಬ್ಬೊಬ್ಬರಾಗಿ ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋಗಿ, ಗೋಡೆಯಿದ್ದ ಕಡೆ ಮೈ ತಾಗದಂತೆ ನಿಂತೆವು. ಕಾಲಡಿಯ ಬೂದಿ ಇನ್ನೂ ಆರಿರಲಿಲ್ಲ.

"ಒಳ್ಳೇ ಬೆಚ್ಚಗಿದೆ ಅತ್ತೆ, ಮನೆ," ಅಂದ ಡೆನ್ಜಿಲ್.

ಹೌದು ಹೌದು ಅಂದೆವು ಎಲ್ಲರೂ.