ಸೊನ್ನೆಗಿಂತ ಮುಂಚೆ

ಬಸ್ಸಿನ ಸಾಲಿನಲ್ಲಿ ಅಜ್ಜಿಯೊಬ್ಬಳು ತರ್ಕದ ಮೇಷ್ಟ್ರನ್ನು ಕೇಳಬಾರದ್ದೇನೂ ಕೇಳಲಿಲ್ಲ. "ನಿನಗಿಂತ ಮುಂಚೆ ಯಾರಾದ್ರೂ ಇದಾರೇನಪ್ಪಾ?" ಎಂದಳು, ಅಷ್ಟೆ.

"ಯಾರೂ ಇಲ್ಲಜ್ಜಿ, ನಾನೇ ಮೊದಲು," ಎಂದರು ಮೇಷ್ಟ್ರು. ಎಂದವರೇ ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಬಸ್ಸು ಬಂತು, ಅಜ್ಜಿ ಹತ್ತಿದಳು, ಹಿಂದಿದ್ದವರೆಲ್ಲ ಮೇಷ್ಟ್ರನ್ನು ಬಳಸಿಕೊಂಡು ಹತ್ತಿದರು. ಬಸ್ಸು ಹೊರಟಾಗ ಮೊದಲನೆಯವರೊಬ್ಬರೇ ರಸ್ತೆಯಲ್ಲಿ ಉಳಿದಿದ್ದರು.

ಮೊದಲು ನಿಂತವನಿಗಿಂತ ಮುಂಚೆ ಯಾರೂ ಇರುವುದಿಲ್ಲ. ಇದು ಅಜ್ಜಿಗೂ ಗೊತ್ತು. ಗೊತ್ತಿಲ್ಲದೇ ಇದ್ದದ್ದು ಆ ದಿನ ಹತ್ತು ಗಂಟೆಗೆ ನೂರಾ ಹನ್ನೆರಡು ಮಂದಿ ವಿದ್ಯಾರ್ಥಿಗಳ ಕೈಗೆ ಹೋಗಲಿದ್ದ 'ಗಣಿತದ ತಾರ್ಕಿಕ ಬುನಾದಿ' ಎಂಬ ಪ್ರಶ್ನೆಪತ್ರಿಕೆಗೆ ಮಾತ್ರ. ಅದನ್ನು ಬರೆದವರು ಇದೇ ಮೇಷ್ಟ್ರು. "ಕೆಳಗಿನ ಐದು ನಿಯಮಗಳನ್ನು ಮಾತ್ರ ಒಪ್ಪಿಕೊಂಡು, ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎಂದು ಸಾಧಿಸಿ" ಎಂಬುದು ಅದರ ನಲವತ್ತು ಅಂಕದ ಪ್ರಶ್ನೆ. ಮೊದಲನೇ ನಿಯಮ: ಸೊನ್ನೆಯೂ ಒಂದು ಸಂಖ್ಯೆ. ಎರಡನೆಯದು: ಸೊನ್ನೆಗಿಂತ ಮುಂಚೆ ಯಾವ ಸಂಖ್ಯೆಯೂ ಇಲ್ಲ. ಐದನೆಯದು: ಪ್ರತಿಯೊಂದು ಸಂಖ್ಯೆಗೂ ಮುಂಚೆ ಒಂದು ಸಂಖ್ಯೆ ಇದೆ.

ಈ ಐದನೆಯದು ಮೇಷ್ಟ್ರ ಸ್ವಂತದ್ದಲ್ಲ. ಪತ್ರಿಕೆಯನ್ನು ಪರಿಶೀಲಿಸಿದ ಗಣಿತ ವಿಭಾಗದ ಹಿರಿಯರು, "ನಲವತ್ತು ಅಂಕಕ್ಕೆ ನಾಲ್ಕೇ ನಿಯಮವೇನ್ರಿ? ಬಣಬಣ ಅನ್ಸುತ್ತೆ. ಪ್ರತಿ ಸಂಖ್ಯೆ ಆದ್ಮೇಲೂ ಇನ್ನೊಂದಿದೆ ಅಂದಿದೀರಿ, ಮುಂಚೇನೂ ಒಂದಿದೆ ಅಂತ ಸೇರಿಸಿ, ಲಕ್ಷಣವಾಗಿರುತ್ತೆ," ಎಂದಿದ್ದರು. ದೊಡ್ಡವರ ಮಾತು ಮೀರುವ ಜಾಯಮಾನ ಮೇಷ್ಟ್ರದ್ದಲ್ಲ. 'ಸೊನ್ನೆಯೊಂದನ್ನು ಬಿಟ್ಟು' ಎಂದು ಬರೆಯಬೇಕೆಂದುಕೊಂಡದ್ದೇನೋ ನಿಜ. ಆದರೆ ಹಿರಿಯರು ನೆತ್ತಿಯ ಮೇಲೇ ನಿಂತು ಉಸಿರು ಬಿಡುತ್ತಿದ್ದರು, ಆ ಬಿಸಿಗೆ ಸೊನ್ನೆ ಆವಿಯಾಗಿ ಹೋಯಿತು.

ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಮೇಷ್ಟ್ರು ಹನ್ನೊಂದು ವರ್ಷದಿಂದ ತಾತ್ಕಾಲಿಕ ಮೇಷ್ಟ್ರು. ಹೆಂಡತಿಯ ತಮ್ಮ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಏನು ಭಾವ, ಇನ್ನೂ ತಾತ್ಕಾಲಿಕವೇನಾ?" ಎನ್ನುತ್ತಿದ್ದ. ಈಗ ಕೊನೆಗೂ ಖಾಯಂ ಆಗುವ ಫೈಲು ಪರೀಕ್ಷಾ ಮುಖ್ಯಸ್ಥೆಯವರ ಮೇಜಿಗೆ ಬಂದಿತ್ತು. ಆ ಮುಖ್ಯಸ್ಥೆಯೋ, ತಪ್ಪನ್ನು ಮರೆಯುವ ಪೈಕಿಯಲ್ಲ. ಹೋದ ವರ್ಷ ಭೌತಶಾಸ್ತ್ರದ ಮೇಷ್ಟ್ರು ಪ್ರಶ್ನೆಯೊಂದರಲ್ಲಿ ಕಳೆಯುವ ಚಿಹ್ನೆ ಬಿಟ್ಟಿದ್ದರು. ಅಂದಿನಿಂದ ಅವರು ನೆಲಮಾಳಿಗೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟು ಕಟ್ಟುತ್ತಿದ್ದಾರೆ. ಅಪರೂಪಕ್ಕೆ ಮೇಲೆ ಬಂದರೆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಎದುರಾದವರನ್ನೆಲ್ಲ "ಈಗ ಯಾವ ತಿಂಗಳು?" ಎಂದು ಕೇಳುತ್ತಾರೆ.

ಮೇಷ್ಟ್ರು ಓಡಿದರು. ಕಾಲೇಜು ಮುಟ್ಟಿದಾಗ ಹತ್ತೂ ಕಾಲು. ಪತ್ರಿಕೆ ಹಂಚಿಯಾಗಿತ್ತು.

ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಭೂಗೋಳದ ಮೇಡಂ ಕಾವಲಿದ್ದರು. ಮೇಷ್ಟ್ರು ಅವರ ಕಿವಿಯಲ್ಲಿ ವಿಷಯ ಉಸುರಿದರು.

"ಅಯ್ಯೋ, ಇಷ್ಟೇನಾ? ಒಂದು ನಿಯಮ ಹೆಚ್ಚಾಯ್ತು ತಾನೆ? ಇದ್ರೆ ಇರ್ಲಿ ಬಿಡಿ, ಕಮ್ಮಿಯಾಗಿದ್ರೆ ಕಷ್ಟ," ಎಂದರು ಮೇಡಂ.

"ಹಾಗಲ್ಲ ಮೇಡಂ. ಒಂದಕ್ಕೊಂದು ವಿರುದ್ಧ ಎರಡು ಮಾತು ಬುನಾದಿಯಲ್ಲಿದ್ರೆ, ಅದರ ಮೇಲೆ ಏನು ಬೇಕಾದ್ರೂ ಸಾಧಿಸಬಹುದು. ಏನು ಬೇಕಾದ್ರೂ. ಗಣಿತಾನೇ ಉಳಿಯಲ್ಲ. ಹುಡುಗರಿಗೆ ಗೊತ್ತಾಗಿದ್ಯಾ ಅಂತ ನೋಡ್ಕೊಂಡು ಬನ್ನಿ, ದಮ್ಮಯ್ಯ."

ಮೇಡಂ ಒಳಗೆ ಒಂದು ಸುತ್ತು ಹಾಕಿ ಬಂದರು. "ಎಲ್ರೂ ಖುಷಿಯಾಗಿದಾರೆ. ಆಗಲೇ ಹೆಚ್ಚಿನ ಹಾಳೆ ಕೇಳ್ತಿದಾರೆ. ಹಿಂದಿನ ಬೆಂಚಿನವರೂ ಬರೀತಿದಾರೆ ಮೇಷ್ಟ್ರೇ, ನಾನು ಇದನ್ನ ಎಲ್ಲೂ ಕಂಡಿಲ್ಲ."

 ಮೇಷ್ಟ್ರು ಕಿಟಕಿಯ ಸಂದಿಯಿಂದ ಇಣುಕಿದರು. ಕೊನೆಯ ಬೆಂಚಿನ ಹುಡುಗಿ ದುಂಡಗೆ ಬರೆದಿದ್ದಳು:

"ಐದನೇ ನಿಯಮದಂತೆ ಸೊನ್ನೆಗಿಂತ ಮುಂಚೆ ಒಂದು ಸಂಖ್ಯೆ ಇದೆ. ಹಾಗಾಗಿ 'ಒಂದೋ ಸೊನ್ನೆಗಿಂತ ಮುಂಚೆ ಸಂಖ್ಯೆ ಇದೆ, ಇಲ್ಲವೇ ಎರಡಕ್ಕೆರಡು ಐದು' ಎಂಬ ಮಾತು ನಿಜ. ಆದರೆ ಎರಡನೇ ನಿಯಮದಂತೆ ಸೊನ್ನೆಗಿಂತ ಮುಂಚೆ ಸಂಖ್ಯೆ ಇಲ್ಲ. ಉಳಿದದ್ದು ಒಂದೇ: ಎರಡಕ್ಕೆರಡು ಐದು."

ಹಾಲು ಕುಡಿದದ್ದು ನಾಯಿ ಇಲ್ಲವೇ ಬೆಕ್ಕು ಎಂದಾದ ಮೇಲೆ, ನಾಯಿಯಲ್ಲವೆಂದು ಗೊತ್ತಾದರೆ ಬೆಕ್ಕನ್ನೇ ಹಿಡಿಯಬೇಕಷ್ಟೆ. ಮೂರನೇ ವಾರದಲ್ಲಿ ಈ ದಾರಿಯನ್ನು ಕಲಿಸಿದವರು ಸ್ವತಃ ಮೇಷ್ಟ್ರೇ. ಹುಡುಗಿ ಅಲ್ಲಿಗೇ ನಿಲ್ಲಿಸಿರಲಿಲ್ಲ. ಅದೇ ದಾರಿಯಲ್ಲಿ ನಾಲ್ಕನ್ನೂ ಆರನ್ನೂ ಸಾಧಿಸಿ, "ಪರೀಕ್ಷಕರು ಬೇಕಾದದ್ದನ್ನು ಆರಿಸಿಕೊಳ್ಳಬಹುದು" ಎಂದು ಷರಾ ಬರೆದಿದ್ದಳು. ಪಕ್ಕದವನು ತಾನು ಪಾಸಾದುದನ್ನು ಸಾಧಿಸಿ ಮುಗಿಸಿ, ತನಗೆ ಮೊದಲ ಸ್ಥಾನ ಬಂದುದನ್ನು ಸಾಧಿಸುತ್ತಿದ್ದ. ಮೇಷ್ಟ್ರು ತಪ್ಪು ಹುಡುಕಿದರು. ಒಂದೂ ಸಿಗಲಿಲ್ಲ.

ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಕೆಲಸದ ಭಯ ಒಂದು ಕಡೆ ಇರಲಿ. ಮನೆಯಲ್ಲಿ ಎಷ್ಟೇ ರಗಳೆಯಾದರೂ ಎರಡಕ್ಕೆರಡು ನಾಲ್ಕೇ ಎಂಬ ಧೈರ್ಯದ ಮೇಲೆ ನಿದ್ದೆ ಮಾಡಿದ ಮನುಷ್ಯ ಅವರು. ಆ ನಾಲ್ಕು ಈಗ ಕಿಟಕಿಯಾಚೆ ನೂರಾ ಹನ್ನೆರಡು ಕೈಗಳಲ್ಲಿ ಬೇಕಾದ ಹಾಗೆ ಹಿಗ್ಗಿ ಕುಗ್ಗುತ್ತಿತ್ತು.

ಹಿರಿಯರ ಬಳಿಗೆ ಓಡಿದರು. ಹಿರಿಯರು ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ನೋಡಿ ಮೇಷ್ಟ್ರೇ, ನಾನು ಹೇಳಿದ್ದು ಸಲಹೆ. ಬರೆದದ್ದು ನೀವು. ಸಲಹೆಯಿಂದ ಬರಹ ಹುಟ್ಟಲೇಬೇಕು ಅಂತ ತರ್ಕದಲ್ಲಿ ಎಲ್ಲಿದೆ?"

"ಈಗ ಒಳಗೆ ಹೋಗಿ ತಿದ್ದುಪಡಿ ಹೇಳಿಬಿಡಲಾ ಸರ್?"

"ಹೇಳಿ. ಇಷ್ಟು ಹೊತ್ತು ಬರೆದಿದ್ದೆಲ್ಲ ಹೊಡೆದು ಹಾಕ್ಬೇಕು ಅಂದ್ರೆ ನೂರಾ ಹನ್ನೆರಡು ಜನ ಎದ್ದು ಮುಖ್ಯಸ್ಥೆಯವರ ಬಾಗಿಲಿಗೆ ಹೋಗ್ತಾರೆ. ಹೇಳ್ದೇ ಇದ್ರೆ ನೂರಾ ಹನ್ನೆರಡು ಜನಕ್ಕೂ ನಲವತ್ತಕ್ಕೆ ನಲವತ್ತು ಕೊಡ್ಬೇಕಾಗುತ್ತೆ. ಆಗ ಮುಖ್ಯಸ್ಥೆಯವರೇ ನಿಮ್ಮ ಬಾಗಿಲಿಗೆ ಬರ್ತಾರೆ." ಹೀಗೆ ಅತ್ತ ದರಿ ಇತ್ತ ಪುಲಿ ಎರಡನ್ನೂ ಪರಿಚಯ ಮಾಡಿಕೊಟ್ಟು ಹಿರಿಯರು ಕೈ ತೊಳೆದುಕೊಂಡರು.

ಅಷ್ಟರಲ್ಲಿ ಭೂಗೋಳದ ಮೇಡಂ "ಯಾರಿಗೂ ಹೇಳ್ಬೇಡಿ" ಎಂದು ಹೇಳುತ್ತಲೇ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿದ್ದರು. ಮೇಷ್ಟ್ರು ನಡೆದಲ್ಲೆಲ್ಲ ಬಾಗಿಲುಗಳಿಂದ ತಲೆಗಳು ಹೊರಬಂದು, ಪಾಪ ಎಂದು ಒಳಗೆ ಹೋದವು. ಒಬ್ಬರು ರಜೆ ಹಾಕಿ ಎಂದರು, ಇನ್ನೊಬ್ಬರು ಜ್ವರ ಬರಿಸಿಕೊಳ್ಳಿ ಎಂದರು. ನೆಲಮಾಳಿಗೆಯಿಂದ ಭೌತಶಾಸ್ತ್ರದ ಮೇಷ್ಟ್ರೇ ಎದ್ದು ಬಂದು ಅವರ ಕೈ ಹಿಡಿದು, "ಕಿಟಕಿ ಹತ್ತಿರದ ಕುರ್ಚಿ ನಿಮಗೇ ಬಿಡ್ತೀನಿ," ಎಂದು ಸಮಾಧಾನ ಹೇಳಿದರು. ನೆಲಮಾಳಿಗೆಗೆ ಕಿಟಕಿಯೇ ಇರಲಿಲ್ಲ.

ಒಂದು ಗಂಟೆಗೆ ಜವಾನ ಬಂದ. "ಮೇಷ್ಟ್ರೇ, ಮುಖ್ಯಸ್ಥೆಯವರು ಕರೀತಿದಾರೆ. ನಿಮ್ಮ ಫೈಲು ತೆಗೆದಿಟ್ಕೊಂಡು ಕೂತಿದಾರೆ."

ಮೇಷ್ಟ್ರು ಹೊರಟರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೆಟ್ಟಿಲು ಹತ್ತುವಾಗ ಅವರಿಗೆ ಥಟ್ಟನೆ ಹೊಳೆಯಿತು: ಈ ಪತ್ರಿಕೆಯಿಂದ ಏನು ಬೇಕಾದರೂ ಸಾಧಿಸಬಹುದಾದರೆ, ಮೇಷ್ಟ್ರು ನಿರಪರಾಧಿ ಎಂಬುದನ್ನೂ ಸಾಧಿಸಬಹುದಲ್ಲ. ಇಣುಕುವ ತಲೆಗಳೆದುರೇ ಗೋಡೆಗೆ ಹಾಳೆ ಒತ್ತಿ ಬರೆದೇಬಿಟ್ಟರು. ಮೂರೇ ಸಾಲು.

ಒಳಗೆ ಹೋದವರೇ, ಮುಖ್ಯಸ್ಥೆ ತಲೆ ಎತ್ತುವ ಮೊದಲೇ, ಸೊನ್ನೆಯಿಂದ ಹಿಡಿದು ಕೊನೆಯ ಬೆಂಚಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ, ಹಾಳೆಯನ್ನು ಮುಂದಿಟ್ಟರು. "ಆದರೂ ನಾನು ತಪ್ಪು ಮಾಡಿಲ್ಲ ಮೇಡಂ. ಇಲ್ಲಿ ಸಾಧಿಸಿದೀನಿ."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. "ನಾನು ಕರೆಸಿದ್ದು ನಿಮ್ಮನ್ನ ಖಾಯಂ ಮಾಡೋ ಆದೇಶಕ್ಕೆ ನಿಮ್ಮ ಸಹಿ ತಗೊಳ್ಳೋಕೆ. ಪತ್ರಿಕೆ ವಿಷಯ ನನಗೆ ಗೊತ್ತೇ ಇರ್ಲಿಲ್ಲ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು. 

ಮುಖ್ಯಸ್ಥೆ ಮೂರು ಸಾಲನ್ನು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು. "ಸರಿಯಾಗಿದೆ. ನೀವು ನಿರಪರಾಧಿ."

"ಥ್ಯಾಂಕ್ಸ್ ಮೇಡಂ."

"ಇದೇ ಥರ ನೀವು ಅಪರಾಧಿ ಅಂತಾನೂ ಸಾಧಿಸಬಹುದಾ?"

ಸುಳ್ಳು ಹೇಳಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರೋ ಏನೋ. ಆದರೆ ತರ್ಕದ ವಿಷಯದಲ್ಲಿ ಸುಳ್ಳಿಗೆ ಅವರ ನಾಲಿಗೆ ಹೊರಳುವುದಿಲ್ಲ. "ಆಗುತ್ತೆ ಮೇಡಂ," ಎಂದರು.

"ಬರೀರಿ."

ಮೇಷ್ಟ್ರು ಬರೆದರು. ಅಭ್ಯಾಸಬಲದಿಂದ ಕೊನೆಯ ಸಾಲಿನ ಕೆಳಗೆ ಗೆರೆಯನ್ನೂ ಎಳೆದರು.

"ಸಹಿ ಹಾಕಿ. ಈಗ ಇದರಲ್ಲಿ ಎಲ್ಲಾದ್ರೂ ತಪ್ಪಿದೆಯಾ ನೋಡಿ."

ಮೇಷ್ಟ್ರು ನೋಡಿದರು. ತಮ್ಮ ಸಾಧನೆಯೊಂದರಲ್ಲಿ ತಪ್ಪು ಸಿಗಲಿ ಎಂದು ಅವರು ದೇವರಿಗೆ ಹರಕೆ ಹೊತ್ತದ್ದು ಬದುಕಿನಲ್ಲಿ ಅದೇ ಮೊದಲು. "ಇಲ್ಲ ಮೇಡಂ. ಪೂರ್ತಿ ಸರಿಯಾಗಿದೆ."

"ಎರಡೂ ಸರಿ ಇದ್ದಾಗ ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಾದ್ರೂ ಅಡ್ಡಿ ಇದೆಯಾ?"

ಮೇಷ್ಟ್ರು ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದರು. ಅಡ್ಡಿ ಇರಲಿಲ್ಲ. ಮುಖ್ಯಸ್ಥೆ ಮೊದಲ ಹಾಳೆಯನ್ನು ಮಡಚಿ ಬುಟ್ಟಿಗೆ ಹಾಕಿದರು. ಎರಡನೆಯದನ್ನು ಖಾಯಂ ಆದೇಶವಿದ್ದ ಜಾಗದಲ್ಲಿ ಸೇರಿಸಿ, ಫೈಲಿನ ದಾರ ಬಿಗಿದು ಕಟ್ಟಿದರು.

ಹೊರಗೆ ಇಡೀ ಸಿಬ್ಬಂದಿ ಕಾದಿತ್ತು. "ಏನಾಯ್ತು ಮೇಷ್ಟ್ರೇ? ನಿಮ್ಮ ಸಾಧನೆ ಒಪ್ಪಿಕೊಂಡ್ರಾ?" ಎಂದು ಭೂಗೋಳದ ಮೇಡಂ ಕೇಳಿದರು.

"ಒಪ್ಪಿಕೊಂಡ್ರು," ಎಂದರು ಮೇಷ್ಟ್ರು.

ಎಲ್ಲರೂ ಒಬ್ಬೊಬ್ಬರಾಗಿ ಕೈಕುಲುಕಿ ಅಭಿನಂದಿಸಿದರು. ಮೇಷ್ಟ್ರು ಎಲ್ಲರ ಕೈಯನ್ನೂ ಕುಲುಕಿ, ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದರು.